ನಿಂತ ಗಾಡಿಯಲ್ಲಿ ಆರಿದ ದೀಪ

ಪೀಣ್ಯದಲ್ಲಿ ಮೂವತ್ತನಾಲ್ಕು ವರ್ಷ ಮೋಟರ್‌ಸೈಕಲ್ ಬಿಚ್ಚಿ ಜೋಡಿಸಿ ನಿವೃತ್ತನಾದವನು ನಾನು, ನಂಜುಂಡಪ್ಪ. ಊರು ಅಲ್ಲೇ ತುಮಕೂರು ರಸ್ತೆಯ ಮಾಕಳಿ. ಈಗ ಸರ್ವೀಸ್ ಸೆಂಟರುಗಳಿಗೆ ಹೊಸದಾಗಿ ಸೇರುವವರು ನಮಗಿಂತ ಹೆಚ್ಚು ಓದಿಕೊಂಡಿದ್ದಾರೆ, ಕೈಗೂ ತಲೆಗೂ ಒಳ್ಳೆಯ ತರಬೇತಿ ಸಿಕ್ಕಿದೆ. ಅವರಿಗೆ ಬೋಲ್ಟು ಬಿಗಿಯುವುದನ್ನು ಹೇಳಿಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಬ್ರೇಕಿನ ದೀಪ ಹತ್ತಿದ ಗಾಡಿಗಳನ್ನು ನೂರಾರು ನೋಡಿದ್ದೇನೆ. ಅವುಗಳಲ್ಲಿ ಒಂದೂ ನನ್ನ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ದೀಪ ಆರಿದ್ದ ಒಂದು ಗಾಡಿ. ಅದನ್ನು ಹೇಳದೆ ಇದ್ದರೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಬ್ರೇಕಿಗೆ ದೀಪವೇ ಇರಲಿಲ್ಲ. ನಮ್ಮ ಫೋರ್‌ಮನ್ ವೆಂಕಟರಾಮು ಎಂಬವರು ರಿಪೇರಿಯಾದ ಪ್ರತಿ ಗಾಡಿಯನ್ನೂ ಶೆಡ್ಡಿನ ಹಿಂದೆ ಜಲ್ಲಿ ಹಾಸಿದ ಅಂಗಳದಲ್ಲಿ ನಮ್ಮ ಕೈಯಲ್ಲಿ ಓಡಿಸುತ್ತಿದ್ದರು. ಸೀಟಿ ಊದಿದ ಕೂಡಲೇ ಬ್ರೇಕ್ ಹಿಡಿಯಬೇಕು. ಗಾಡಿ ಚೆನ್ನಾಗಿ ನಿಂತಿತು ಸಾರ್ ಎಂದರೆ ಅವರು ಕೇಳುತ್ತಿರಲಿಲ್ಲ. "ಬಾಯಲ್ಲಿ ಹೇಳ್ಬೇಡ ಕಣಯ್ಯ, ನೆಲ ತೋರ್ಸು" ಎಂದು ಬಗ್ಗಿ ಜಲ್ಲಿಯ ಮೇಲೆ ಚಕ್ರ ಉಳಿಸಿದ ಗೀರನ್ನು ನೋಡುತ್ತಿದ್ದರು. ಎರಡು ಸಲ ನಾನು ಅದೇ ಜಲ್ಲಿಯ ಮೇಲೆ ಬಿದ್ದು ಮಂಡಿ ತರಚಿಕೊಂಡಿದ್ದೇನೆ. ಅವರು ಮೊದಲು ಗೀರು ನೋಡಿದರು, ಆಮೇಲೆ ನನ್ನ ಮಂಡಿ ನೋಡಿದರು.

ಕಾಲ ಬದಲಾಯಿತು. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಗಾಡಿಗಳು ಬಂದವು. ಅವುಗಳಲ್ಲಿ ಎಬಿಎಸ್ ಬಂತು. ಎಷ್ಟೇ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಅದು. ಅದರಲ್ಲಿ ಏನಾದರೂ ಕೆಟ್ಟರೆ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ. ಜೊತೆಗೆ ಸ್ಕ್ಯಾನರ್ ಬಂತು. ಗಾಡಿಗೆ ಅದರ ವೈರು ಚುಚ್ಚಿದರೆ ದೋಷ ಎಲ್ಲಿದೆ ಎಂದು ಪರದೆಯ ಮೇಲೆ ಬರುತ್ತದೆ.

ಆ ಹೊಸತರಲ್ಲಿ ನಾನು ಮಾಡಿದ ಒಂದು ಎಡವಟ್ಟು ಹೇಳಬೇಕು. ಬೆಳ್ಳಂದೂರಿನಿಂದ ಒಬ್ಬರು ರಾಜಸ್ಥಾನಕ್ಕೆ ಹೊರಡುವ ಮುಂಚೆ ಗಾಡಿ ತಂದರು. ಹಳದಿ ದೀಪ ಹತ್ತಿತ್ತು. ಸ್ಕ್ಯಾನರ್ ಮುಂದಿನ ಚಕ್ರದ ಸೆನ್ಸರ್ ಎಂದು ತೋರಿಸಿತು. ನಾನು ಸೆನ್ಸರ್ ಬದಲಿಸಿದೆ. ಟ್ರಯಲ್ ಹೋದಾಗ ಗೊರಗುಂಟೆಪಾಳ್ಯ ದಾಟುವ ಮುಂಚೆ ದೀಪ ಮತ್ತೆ ಹತ್ತಿತು. ಹೊಸ ಸೆನ್ಸರೇ ಕೆಟ್ಟಿರಬೇಕೆಂದು ಇನ್ನೊಂದು ಹಾಕಿದೆ. ಮತ್ತೆ ಅದೇ. ಮೂರನೆಯ ದಿನ ವರ್ಕ್ಸ್ ಮ್ಯಾನೇಜರ್ ಪ್ರಭಾಕರ್ ಬಂದರು. ಅವರೂ ನಮ್ಮ ಹಾಗೆಯೇ ಕೈಗೆ ಗ್ರೀಸ್ ಮೆತ್ತಿಕೊಂಡು ಮೇಲೆ ಬಂದವರು. ಅಂಗಿಯ ತೋಳು ಮಡಿಸಿ ಕುಕ್ಕರಗಾಲಲ್ಲಿ ಕೂತು, ಚಕ್ರವನ್ನು ನಿಧಾನವಾಗಿ ಕೈಯಲ್ಲಿ ತಿರುಗಿಸಿದರು. "ಇಲ್ಲಿ ನೋಡಿ ನಂಜುಂಡಪ್ಪ" ಎಂದರು. ಸೆನ್ಸರಿನ ಎದುರಿಗೆ ತಿರುಗುವ ಹಲ್ಲಿನ ಬಳೆ ಒಂದು ಕಡೆ ಕೂದಲೆಳೆಯಷ್ಟು ಸೊಟ್ಟಗಿತ್ತು. ಟೈರ್ ಬದಲಿಸಿದವನ ಕಬ್ಬಿಣದ ಪಟ್ಟಿ ತಾಗಿತ್ತು. "ಮಿಷನ್ನು ಜಾಗ ಹೇಳುತ್ತೆ, ಕಾರಣ ಹೇಳಲ್ಲ" ಎಂದು ಎದ್ದು ಹೋದರು. ಅಂಥ ಕಣ್ಣು ಅವರದು. ಆ ದಿನ ಅವರ ಮೇಲೆ ನನಗೆ ಬಂದ ಗೌರವ ಬಹಳ ವರ್ಷ ಇತ್ತು.

ವಯಸ್ಸಾಗುತ್ತಾ ನನ್ನನ್ನು ಫೈನಲ್ ಇನ್ಸ್‌ಪೆಕ್ಷನ್ನಿಗೆ ಹಾಕಿದರು. ಕೆಲಸ ಮುಗಿದ ಗಾಡಿಯನ್ನು ಕೊನೆಯಲ್ಲಿ ನೋಡಿ, ಓಡಿಸಿ, ಜಾಬ್ ಕಾರ್ಡಿಗೆ ಸಹಿ ಹಾಕುವುದು. ನನ್ನ ಸಹಿ ಇಲ್ಲದೆ ಗಾಡಿ ಗೇಟು ದಾಟುತ್ತಿರಲಿಲ್ಲ.

ಭಾರ್ಗವಿ ಎಂಬ ಹೆಣ್ಣುಮಗಳು ಬಂದದ್ದು ನಾನು ನಿವೃತ್ತನಾಗುವುದಕ್ಕೆ ಒಂದು ವರ್ಷ ಮೊದಲು. ನಲವತ್ತರ ಆಸುಪಾಸು. ಬ್ರೂಕ್‌ಫೀಲ್ಡಿನಲ್ಲಿ ಮನೆ, ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಎಂಟು ತಿಂಗಳ ಹಿಂದೆ ನಮ್ಮ ಶೋರೂಮಿನ ಹಳೆ ಗಾಡಿಗಳ ವಿಭಾಗದಲ್ಲೇ ಒಂದು ಟೂರಿಂಗ್ ಗಾಡಿ ಕೊಂಡಿದ್ದರು. ಗಂಡ ಗಿರೀಶ್ ಅವರನ್ನು ಹಿಂದೆ ಕೂರಿಸಿಕೊಂಡು ತಿಂಗಳಿಗೊಂದು ಊರು ಸುತ್ತುತ್ತಿದ್ದರು. ಅವತ್ತು ಭಾರ್ಗವಿಯವರ ಮೊಣಕೈಗೆ ಪಟ್ಟಿ ಕಟ್ಟಿತ್ತು. ಗಾಡಿಯ ಹ್ಯಾಂಡಲ್ ಸೊಟ್ಟಗಾಗಿತ್ತು. ಕುಣಿಗಲ್ ಕಡೆಯಿಂದ ಬರುವಾಗ ಒದ್ದೆ ರಸ್ತೆಯಲ್ಲಿ ನಾಯಿ ಅಡ್ಡ ಬಂದು ಬ್ರೇಕ್ ಹಿಡಿದಿದ್ದಾರೆ. ಮುಂದಿನ ಚಕ್ರ ಜಾರಿ ಇಬ್ಬರೂ ಬಿದ್ದಿದ್ದಾರೆ. ಗಿರೀಶರ ಹೆಗಲ ಮೂಳೆ ಮುರಿದು ಆಪರೇಷನ್ ಆಗಿದೆ.

"ಸಾರ್, ನನಗೆ ಒಂದೇ ಒಂದು ವಿಷಯ ಗೊತ್ತಾಗ್ಬೇಕು. ತಪ್ಪು ನಂದಾ, ಗಾಡೀದಾ?" ಎಂದು ಕೇಳಿದರು.

ನಾನು ಕೀ ತಿರುಗಿಸಿದೆ. ಮೀಟರಿನಲ್ಲಿ ಎಲ್ಲ ದೀಪಗಳೂ ಹತ್ತಿದವು, ಎಬಿಎಸ್ಸಿನ ಹಳದಿ ದೀಪವೂ. ಎಂಜಿನ್ ಶುರು ಮಾಡಿದೆ. ಎಲ್ಲವೂ ಆರಿದವು.

"ಲೈಟ್ ಸರಿಯಾಗಿದೆ ಮೇಡಂ. ಎಬಿಎಸ್ ಕೆಟ್ಟಿದ್ರೆ ಲೈಟ್ ಹೋಗ್ತಾನೇ ಇರ್ಲಿಲ್ಲ. ಗಾಬರೀಲಿ ಕೈ ಬಿಗಿಯಾಗಿರುತ್ತೆ."

"ಕೈ ಬಿಗಿಯಾದ್ರೂ ಜಾರಬಾರ್ದು ಅಂತಾನೇ ಅಲ್ವಾ ಸಾರ್ ಎಬಿಎಸ್ ಇರೋದು?"

"ಒದ್ದೆ ರೋಡಲ್ಲಿ ಅದೇನೂ ದೇವರಲ್ಲ ಮೇಡಂ" ಎಂದೆ. ಹಿಂದೆ ಇನ್ನೂ ಆರು ಗಾಡಿ ಸಾಲಿನಲ್ಲಿದ್ದವು. ಸ್ಕ್ಯಾನರ್ ಹತ್ತು ಹೆಜ್ಜೆ ಆಚೆ ಮೇಜಿನ ಮೇಲಿತ್ತು. ನಾನು ತರಲಿಲ್ಲ.

ಅವರು ತಲೆಯಾಡಿಸಿದರು. ವಾದ ಮಾಡಲಿಲ್ಲ. "ಹಾಗಾದ್ರೆ ನಂದೇ" ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿ, ಹ್ಯಾಂಡಲ್ ಸರಿಮಾಡಲು ಗಾಡಿ ಬಿಟ್ಟು ಆಟೋ ಹತ್ತಿದರು.

ಒಂದು ವಾರದ ಮೇಲೆ ಬಂದರು. ಗಾಡಿ ಒಯ್ಯಲಿಕ್ಕಲ್ಲ. ಕೀ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು, "ನೀವೇ ತಗೊಂಡ್ಬಿಡಿ ಸಾರ್, ಯಾರಿಗಾದ್ರೂ ಮಾರ್ಕೊಳ್ಳಿ. ನಾನಿನ್ನು ಓಡಿಸಲ್ಲ" ಎಂದರು. ಕಾಗದ ಪತ್ರ ಆಮೇಲೆ ಕಳಿಸುತ್ತೇನೆಂದು ಹೇಳಿ ಹೊರಟರು.

ಗಾಡಿಯನ್ನು ಹಳೆ ಗಾಡಿಗಳ ಸಾಲಿಗೆ ಒಯ್ಯಲು ನಾನೇ ಹತ್ತಿ ಕೂತೆ. ಕೀ ತಿರುಗಿಸಿ ಎಂಜಿನ್ ಶುರು ಮಾಡಿದೆ. ಅಷ್ಟರಲ್ಲಿ ಬಿಡಿಭಾಗದ ಲಾರಿ ಗೇಟಿಗೆ ಅಡ್ಡ ಬಂತು. ಲಾರಿ ಹಿಂದೆ ಹೋಗಲಿ ಎಂದು ಕಾಲೂರಿ ಕಾಯುತ್ತಾ ಕೂತೆ. ಸುಮ್ಮನೆ ಮೀಟರಿನ ಮೇಲೆ ಕಣ್ಣು ಹೋಯಿತು.

ಹಳದಿ ದೀಪ ಆರಿತ್ತು.

ಈ ಕೆಲಸಕ್ಕೆ ಸೇರುವವರು ಇದನ್ನು ಮರೆಯಬಾರದು: ಎಬಿಎಸ್ ದೀಪ ಎಂಜಿನ್ ಶುರುವಾದ ಮಾತ್ರಕ್ಕೆ ಆರುವುದಿಲ್ಲ. ಗಾಡಿ ಹೊರಟು, ಚಕ್ರಗಳು ತಿರುಗಿ, ಸೆನ್ಸರುಗಳು ಆ ತಿರುಗುವಿಕೆಯನ್ನು ಕಂಡ ಮೇಲೆಯೇ ಅದು ಆರಬೇಕು. ನಿಂತ ಗಾಡಿಯಲ್ಲಿ ಅದು ಹತ್ತಿಯೇ ಇರಬೇಕು. ನನ್ನ ಕೆಳಗಿದ್ದ ಗಾಡಿ ಒಂದು ಅಂಗುಲವೂ ಕದಲಿರಲಿಲ್ಲ.

ಆಫ್ ಮಾಡಿ ಮತ್ತೆ ಶುರು ಮಾಡಿದೆ. ದೀಪ ಹತ್ತಿತು, ಎಂಜಿನ್ ಗುಡುಗಿದ ಕೂಡಲೇ ಆರಿತು. ಐದಾರು ಸಲ ಮಾಡಿದೆ. ಲಾರಿಯವನು "ದಾರಿ ಬಿಟ್ಟೆ ಯಜಮಾನ್ರೆ, ಹೋಗಿ" ಎಂದು ಕೂಗುತ್ತಿದ್ದ. ಹೋದ ವಾರ ಇದನ್ನೇ ನಾನು ಆ ಹೆಣ್ಣುಮಗಳ ಎದುರಿಗೆ ನೋಡಿದ್ದೆ. ನೋಡಿ, ಸರಿಯಾಗಿದೆ ಎಂದಿದ್ದೆ.

ಸ್ಕ್ಯಾನರ್ ಚುಚ್ಚಿದೆ. ಎಬಿಎಸ್ ಘಟಕದ ಒಳಗಿನ ಮೋಟರ್ ಸತ್ತಿದೆ ಎಂದು ಬಂತು. ಇವತ್ತು ನಿನ್ನೆ ಸತ್ತದ್ದಲ್ಲ, ಆ ದೋಷ ಎಂದಿನಿಂದಲೋ ದಾಖಲಾಗುತ್ತಲೇ ಇತ್ತು. ಮುಂದಿನ ಕವಚ ಬಿಚ್ಚಿ ಮೀಟರಿನ ಹಿಂದಿನ ವೈರುಗಳ ಕಟ್ಟನ್ನು ಹೊರಗೆಳೆದೆ. ಎಬಿಎಸ್ ದೀಪಕ್ಕೆ ಬರುವ ವೈರನ್ನು ಕತ್ತರಿಸಿ, ಆಯಿಲ್ ದೀಪದ ವೈರಿಗೆ ಬೆಸೆದಿದ್ದರು. ಆಯಿಲ್ ದೀಪ ಕೀ ತಿರುಗಿಸಿದಾಗ ಹತ್ತುತ್ತದೆ, ಎಂಜಿನ್ ಶುರುವಾದಾಗ ಆರುತ್ತದೆ. ಅದರ ಜೊತೆ ಇದೂ. ನೋಡುವವರ ಕಣ್ಣಿಗೆ ಎಲ್ಲ ಸರಿ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆ ಬೆಸುಗೆಯನ್ನು ಹತ್ತಿರದಿಂದ ನೋಡಿದಾಗ. ಅಷ್ಟು ಅಚ್ಚುಕಟ್ಟಾದ ಬೆಸುಗೆ. ಮೇಲೆ ಟೇಪು, ಟೇಪಿನ ಮೇಲೆ ಕಪ್ಪು ನೂಲಿನ ಮೂರು ಸುತ್ತು. ಪೀಣ್ಯದಲ್ಲೆಲ್ಲಾ ಹಾಗೆ ನೂಲು ಸುತ್ತುವವನು ಒಬ್ಬನೇ. ಶಿವಲಿಂಗಪ್ಪ, ನಮ್ಮ ಎಲೆಕ್ಟ್ರಿಷಿಯನ್. ಬಾಗಲಕೋಟೆ ಕಡೆಯಿಂದ ಬಂದು ದಾಸರಹಳ್ಳಿಯಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದವನು. ಹತ್ತೊಂಬತ್ತು ವರ್ಷ ನಾವಿಬ್ಬರೂ ಎದುರುಬದುರು ಕೂತು ಊಟ ಮಾಡಿದ್ದೆವು. ಅವನ ರೊಟ್ಟಿ ನನಗೆ, ನನ್ನ ಮುದ್ದೆ ಅವನಿಗೆ.

ಹಳೆಯ ಜಾಬ್ ಕಾರ್ಡುಗಳ ಕಟ್ಟು ತೆಗೆದೆ. ಭಾರ್ಗವಿಯವರಿಗೆ ಮಾರುವ ಮುಂಚಿನ ಕಾರ್ಡು ಸಿಕ್ಕಿತು. "ಎಬಿಎಸ್ ದೀಪ ಹತ್ತಿದೆ" ಎಂದು ದೂರು. "ಸರಿಪಡಿಸಲಾಗಿದೆ" ಎಂದು ಷರಾ. ಕೆಳಗೆ ಫೈನಲ್ ಇನ್ಸ್‌ಪೆಕ್ಷನ್ ಎಂಬಲ್ಲಿ ನನ್ನ ಸಹಿ. ಆ ಗಾಡಿ ಓಡಿಸಿದ ನೆನಪೇ ನನಗಿರಲಿಲ್ಲ. ಜೋರಾಗಿ ಬ್ರೇಕ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ಲಿವರಿನಲ್ಲಿ ಆಗುವ ಆ ಅದುರಾಟ ಬರುತ್ತಿರಲಿಲ್ಲ, ಚಕ್ರ ಕಚ್ಚಿಕೊಳ್ಳುತ್ತಿತ್ತು. ಆದರೆ ದೀಪ ಬಂದ ಮೇಲೆ ನಾನು ಜೋರಾಗಿ ಬ್ರೇಕ್ ಹಿಡಿದು ನೋಡುವುದನ್ನೇ ಬಿಟ್ಟಿದ್ದೆ. ಸರ್ವೀಸ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ, ಅಷ್ಟೆ.

ಊಟದ ಹೊತ್ತಿಗೆ ಶಿವಲಿಂಗಪ್ಪ ಡಬ್ಬಿ ಬಿಚ್ಚುತ್ತಿದ್ದಾಗ ಆ ಬೆಸುಗೆಯಿದ್ದ ವೈರಿನ ತುಂಡನ್ನು ಕತ್ತರಿಸಿ ತಂದು ಅವನ ಮುಂದೆ ಇಟ್ಟೆ. ಅವನು ನೋಡಿದ. ಡಬ್ಬಿಯ ಮುಚ್ಚಳ ಮತ್ತೆ ಹಾಕಿದ.

"ನಂದs ಐತ್ರಿ ನಂಜಣ್ಣ" ಎಂದ.

"ಯಾಕೋ ಮಾಡ್ದೆ?"

"ಪ್ರಭಾಕರ ಸಾಹೇಬ್ರು ಹೇಳಿದ್ರು. ಹೊಸಾ ಎಬಿಎಸ್ ಬರೂದು ಮೂರು ತಿಂಗಳಾಗ್ತದ, ಅಲ್ಲೀತನ ಗಾಡಿ ನಿಲ್ಲಿಸಿದ್ರ ಯಾರ್ ತಗೋತಾರ, ಲೈಟ್ ಒಂದ್ ಆರಿಸಿ ಕೊಡು ಅಂದ್ರು. ಆಮ್ಯಾಲೆ ಹೊಸಾದು ಹಾಕೂನು ಅಂದ್ರು."

"ನೀನು ಇಲ್ಲ ಅನ್ನಬೌದಿತ್ತಲ್ಲೋ."

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಮೊದಲ್ನೇದ್ದ ಮಾಡಿದಾಗ ಒಂದ್ ವಾರ ನಿದ್ದಿ ಹತ್ತಲಿಲ್ರಿ. ಎರಡನೇದ್ದಕ್ಕ ಹತ್ತಿತು."

ಆ ಮಾತಿನಲ್ಲಿ ಇನ್ನೊಂದು ಗಾಡಿಯ ಸುದ್ದಿ ಇದ್ದದ್ದು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಎದ್ದು ಸೀದಾ ಪ್ರಭಾಕರರ ಕೋಣೆಗೆ ಹೋದೆ. ಅವರು ವೈರಿನ ತುಂಡನ್ನು ಮುಟ್ಟಲೂ ಇಲ್ಲ.

"ಆಯಮ್ಮ ಕಂಪ್ಲೇಂಟ್ ಕೊಟ್ಟಿದ್ದಾರಾ?"

"ಇಲ್ಲ ಸಾರ್. ತಪ್ಪು ತಮ್ದೇ ಅಂದ್ಕೊಂಡಿದ್ದಾರೆ."

"ಮತ್ತೆ? ಯಾರಾದ್ರೂ ಸತ್ತಿದ್ದಾರಾ ನಂಜುಂಡಪ್ಪ? ನೀವು ರಿಟೈರ್ ಆಗೋ ಹೊತ್ತು. ಆ ಕಾರ್ಡಲ್ಲಿ ಸೈನ್ ಯಾರ್ದಿದೆ ಒಂದ್ಸಲ ನೋಡ್ಕೊಳ್ಳಿ."

ಕೂದಲೆಳೆಯಷ್ಟು ಸೊಟ್ಟಗಿದ್ದ ಬಳೆಯನ್ನು ಕಂಡುಹಿಡಿದ ಮನುಷ್ಯ ಆ ಮಾತು ಆಡುತ್ತಿದ್ದರು. ವೈರಿನ ತುಂಡನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಮರುದಿನ ಭಾನುವಾರ. ಮೆಟ್ರೋ ಹಿಡಿದು ಬ್ರೂಕ್‌ಫೀಲ್ಡಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿದೆ. ಬಾಗಿಲು ತೆಗೆದವರು ಗಿರೀಶ್. ಕೈಯನ್ನು ಕೊರಳಿಗೆ ಪಟ್ಟಿಯಲ್ಲಿ ಕಟ್ಟಿಕೊಂಡಿದ್ದರು. ಅವರನ್ನು ನೋಡಿದ ಕೂಡಲೇ ಜೋಡಿಸಿದ್ದ ಮಾತೆಲ್ಲ ಚದುರಿತು. ಒಳಗೆ ಭಾರ್ಗವಿ, ಅವರ ಅತ್ತೆ ಇದ್ದರು. ನಿಂತೇ ಹೇಳಿದೆ. ದೀಪ ಸುಳ್ಳು ಹೇಳುವ ಹಾಗೆ ನಮ್ಮಲ್ಲೇ ಮಾಡಿದ್ದರು, ನಿಮ್ಮ ಗಾಡಿಗೆ ಎಬಿಎಸ್ ಇರಲೇ ಇಲ್ಲ, ಮೊದಲ ದಿನದಿಂದಲೂ ಇರಲಿಲ್ಲ ಎಂದೆ.

ಭಾರ್ಗವಿ ವೈರಿನ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇನ್ನೊಂದ್ಸಲ ಹೇಳಿ ಸಾರ್. ಅತ್ತೆ ಕಡೆ ನೋಡಿ ಹೇಳಿ."

ನಾನು ಆ ಹಿರಿಯರ ಕಡೆ ತಿರುಗಿ ಮತ್ತೆ ಹೇಳಿದೆ. "ನಿಮ್ಮ ಸೊಸೆಯವರದು ತಪ್ಪಿಲ್ಲಮ್ಮ." ಆಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಇಪ್ಪತ್ತು ದಿನದಿಂದ ಆ ಮನೆಯಲ್ಲಿ ಏನೇನು ಮಾತು ನಡೆದಿತ್ತೋ ನನಗೆ ಗೊತ್ತಿಲ್ಲ.

"ಹೋದ ವಾರ ನೀವೇ ಅಲ್ವಾ ಹೇಳಿದ್ದು, ಗಾಬರೀಲಿ ಕೈ ಬಿಗಿಯಾಗಿರುತ್ತೆ ಅಂತ?" ಭಾರ್ಗವಿ ಕೇಳಿದರು.

"ನಾನೇ ಮೇಡಂ."

"ಟೆಸ್ಟ್ ಮಾಡಿ ಹೇಳಿದ್ರಾ?"

"ಇಲ್ಲ. ಲೈಟ್ ನೋಡಿ ಹೇಳ್ದೆ. ಮಾರೋ ಮುಂಚೆ ಪಾಸ್ ಮಾಡಿದ ಸಹೀನೂ ನಂದೇ."

"ನಾನೂ ಟೆಸ್ಟರೇ ಸಾರ್" ಎಂದರು. ಬೇರೇನೂ ಬೈಯಲಿಲ್ಲ. ಅವರು ಅತ್ತುಬಿಟ್ಟಿದ್ದರೆ, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ತಲೆಯೆತ್ತಿ, "ಇನ್ನೆಷ್ಟು ಗಾಡಿ ಇವೆ ಹೀಗೆ?" ಎಂದು ಕೇಳಿದರು.

ಎರಡನೆಯದು ಎಂದು ಶಿವಲಿಂಗಪ್ಪ ಹೇಳಿದ್ದು ಆಗ ತಲೆಗೆ ಹೊಕ್ಕಿತು. ನನ್ನ ಸಹಿ, ನನ್ನ ಸ್ನೇಹಿತ, ನನ್ನ ಮ್ಯಾನೇಜರ್ ಎಂದು ಎರಡು ದಿನ ಒದ್ದಾಡಿದ್ದೆ. ಇನ್ನೂ ರಸ್ತೆಯ ಮೇಲೆ ಓಡುತ್ತಿರುವವರನ್ನು ನೆನೆದಿರಲಿಲ್ಲ.

ಅಲ್ಲಿಂದ ಸೀದಾ ದಾಸರಹಳ್ಳಿಗೆ ಹೋದೆ. ಶಿವಲಿಂಗಪ್ಪ ರೂಮಿನ ಮುಂದೆ ಬಟ್ಟೆ ಒಗೆಯುತ್ತಿದ್ದ. "ಎಷ್ಟೋ?" ಎಂದು ಕೇಳಿದೆ. ಏನು ಎಂದು ಅವನು ಕೇಳಲಿಲ್ಲ. ಸೋಪಿನ ಕೈಯನ್ನು ಒರೆಸಿಕೊಳ್ಳುತ್ತಾ, ಲೆಕ್ಕದ ಪುಸ್ತಕ ನೋಡುವವನ ಹಾಗಲ್ಲ, ಮಕ್ಕಳ ಹೆಸರು ಹೇಳುವವನ ಹಾಗೆ, ನಾಲ್ಕು ಗಾಡಿಗಳ ನಂಬರನ್ನು ಒಂದೊಂದಾಗಿ ಹೇಳಿದ. ಎಲ್ಲ ಬಾಯಿಪಾಠ.

"ನಿದ್ದಿ ಹತ್ತಿತು ಅಂದ್ನೆಲ್ರಿ, ಸುಳ್ಳು" ಎಂದ.

ಸೋಮವಾರ ಇಬ್ಬರೂ ಕೂತು ಆ ಗಾಡಿಗಳನ್ನು ಕೊಂಡವರಿಗೆ ಫೋನ್ ಮಾಡಿದೆವು. ಪ್ರಭಾಕರ್ ಎರಡು ಸಲ ಬಂದು ಫೋನ್ ಇಡಿ ಎಂದರು. ಇಡಲಿಲ್ಲ. ಒಬ್ಬರು ಯಶವಂತಪುರದವರು, ಒಂದು ಗಂಟೆಯೊಳಗೆ ಗಾಡಿ ತಂದರು. ಶಿವಲಿಂಗಪ್ಪನೇ ತನ್ನ ಬೆಸುಗೆಯನ್ನು ತಾನೇ ಕತ್ತರಿಸಿ ದೀಪಕ್ಕೆ ಅದರ ವೈರು ಕೊಟ್ಟ. ಹಳದಿ ದೀಪ ಹತ್ತಿ ನಿಂತಿತು. ಯಜಮಾನರು ಅದನ್ನು ನೋಡಿ, "ಇಷ್ಟು ದಿನ ಇದು ಹೀಗೇ ಉರೀಬೇಕಿತ್ತಾ? ಮಗಳನ್ನ ದಿನಾ ಕಾಲೇಜಿಗೆ ಬಿಡ್ತಿದ್ನಲ್ಲಪ್ಪಾ" ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವರಿಗೆ ನೀರು ತಂದುಕೊಟ್ಟದ್ದು ಶಿವಲಿಂಗಪ್ಪ. ಯಾರ ಕೈಯಿಂದ ನೀರು ಕುಡಿಯುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಲೋಟ ಹಿಂದಕ್ಕೆ ತೆಗೆದುಕೊಳ್ಳುವಾಗ, ಆ ಬೆಸುಗೆ ಹಾಕಿದ್ದು ತಾನೇ ಎಂದು ಇವನೇ ಹೇಳಿದ. ಅವರು ಕೈ ಎತ್ತಿದರು, ಹೊಡೆಯಲಿಲ್ಲ.

ಇನ್ನೊಂದು ಗಾಡಿ ಎರಡು ದಿನದಲ್ಲಿ ಬಂತು. ಭಾರ್ಗವಿಯವರದು ನಮ್ಮಲ್ಲೇ ಇತ್ತು. ನಾಲ್ಕನೆಯದನ್ನು ಕೊಂಡವರು ಅದನ್ನು ಆಗಲೇ ದಲ್ಲಾಳಿಯೊಬ್ಬನಿಗೆ ಕೊಟ್ಟಿದ್ದರು. ದಲ್ಲಾಳಿ ಇನ್ಯಾರಿಗೋ ದಾಟಿಸಿದ್ದ. ಕಾಗದ ಪತ್ರ ಕೊಂಡವರ ಹೆಸರಿಗೆ ಆಗಿರಲಿಲ್ಲ. "ಹೈವೇ ಕಡೆಯೋರು, ಗಂಡ ಹೆಂಡ್ತಿ ಬಂದಿದ್ರು, ಟೂರ್ ಹೋಗೋಕೆ ಬೇಕು ಅಂದ್ರು" ಎಂದಷ್ಟೇ ಅವನಿಗೆ ನೆನಪು. ನೀಲಿ ಬಣ್ಣ, ಎರಡೂ ಬದಿಗೆ ಅಲ್ಯುಮಿನಿಯಂ ಪೆಟ್ಟಿಗೆ.

ಮುಂದಿನದು ನಿಧಾನವಾಗಿ ಆಯಿತು. ನಡೆದದ್ದನ್ನೆಲ್ಲ ನನ್ನ ತಪ್ಪೂ ಸೇರಿಸಿ ಬರೆದು ಸಹಿ ಹಾಕಿ ಭಾರ್ಗವಿಯವರಿಗೆ ಕೊಟ್ಟೆ. ಅವರು ಅದನ್ನು ಶೋರೂಮಿನ ಮಾಲೀಕರ ಮುಂದೆ ಇಟ್ಟರು. ಮಾಲೀಕರು ಮೊದಲು ನಂಬಲಿಲ್ಲ, ಆಮೇಲೆ ರಾಜಿ ಮಾತಾಡಿದರು, ಕೊನೆಗೆ ಮೂರು ಗಾಡಿಗೂ ಹೊಸ ಎಬಿಎಸ್ ಹಾಕಿಸಿದರು. ಪ್ರಭಾಕರ್ ಬಿಟ್ಟು ಹೋದರು. ನಾನು ಫೈನಲ್ ಇನ್ಸ್‌ಪೆಕ್ಷನ್ ಬೇಡವೆಂದು ಹೇಳಿ, ಉಳಿದ ತಿಂಗಳುಗಳನ್ನು ಚೈನು, ಆಯಿಲ್ ನೋಡಿಕೊಂಡು ಕಳೆದೆ. ಶಿವಲಿಂಗಪ್ಪನನ್ನು ಯಾರೂ ಹೋಗು ಎನ್ನಲಿಲ್ಲ. ಅವನೇ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಊರಿಗೆ ಹೋದ. ಭಾರ್ಗವಿ ಮತ್ತೆ ಗಾಡಿ ಹತ್ತಲು ನಾಲ್ಕು ತಿಂಗಳು ಹಿಡಿಯಿತು ಎಂದು ಗಿರೀಶ್ ಒಮ್ಮೆ ಹೇಳಿದರು. ನನಗೆ ಅವರು ಮತ್ತೆಂದೂ ಫೋನ್ ಮಾಡಿಲ್ಲ. ಮಾಡಬೇಕಾದ ಕಾರಣವೂ ಇಲ್ಲ.

ಈಗ ಬೆಳಿಗ್ಗೆ ಮಾಕಳಿಯ ಹತ್ತಿರ ಹೈವೇ ಬದಿಯ ಟೀ ಅಂಗಡಿಯಲ್ಲಿ ಕೂರುತ್ತೇನೆ. ದೂರ ಹೊರಟ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಹೋದ ತಿಂಗಳು ಒಂದು ನೀಲಿ ಗಾಡಿ ಬಂತು, ಎರಡು ಪೆಟ್ಟಿಗೆ, ಗಂಡ ಹೆಂಡತಿ. ನಂಬರ್ ಫಲಕ ಕೆಸರಲ್ಲಿ ಮುಚ್ಚಿತ್ತು. ಟೀ ಲೋಟ ಇಟ್ಟು ಎದ್ದು ಅವರ ಹತ್ತಿರ ಹೋದೆ.

"ಸಾರ್, ಹೊರಡೋ ಮುಂಚೆ ಒಂದ್ಸಲ ಇಲ್ಲೇ ನಿಂತು ಸ್ಟಾರ್ಟ್ ಮಾಡ್ತೀರಾ?"

"ಯಾಕೆ ಯಜಮಾನ್ರೆ?"

"ದಯವಿಟ್ಟು ಮಾಡಿ."

ಅವರು ನಗುತ್ತಾ ಕೀ ತಿರುಗಿಸಿದರು. ಎಂಜಿನ್ ಶುರುವಾಯಿತು. ಒಂದೊಂದೇ ದೀಪ ಆರಿತು. ಹಳದಿಯದು ಉಳಿಯಿತು.

"ರೀ, ಅದೊಂದು ಲೈಟ್ ಹೋಗ್ತಿಲ್ವಲ್ರೀ" ಎಂದು ಹೆಂಡತಿ ಗಾಬರಿಯಾದರು.

"ಹೋಗಬಾರ್ದು ತಾಯಿ. ಇರಬೇಕು. ಹೊರಟ ಮೇಲೆ ಹೋಗುತ್ತೆ" ಎಂದೆ.

ಹೊರಟು ಐವತ್ತು ಹೆಜ್ಜೆ ಹೋದ ಮೇಲೆ ಅವರು ಎಡಗೈ ಮೇಲೆತ್ತಿ ಹೆಬ್ಬೆರಳು ತೋರಿಸಿದರು. ದೀಪ ಆರಿತ್ತು. ಅವರು ಕಣ್ಮರೆಯಾದ ಮೇಲೆ ಶಿವಲಿಂಗಪ್ಪನಿಗೆ ಫೋನ್ ಮಾಡಿದೆ.

"ಸಿಕ್ತೇನ್ರಿ?" ಎಂದ. ಹಲೋ ಎನ್ನಲಿಲ್ಲ.

"ನೀಲಿ ಗಾಡಿ ಒಂದು ಬಂದಿತ್ತು" ಎಂದೆ. "ಅದಲ್ಲ."